ಇನ್ನೊಂದು ಸಲ ನೀಟ್: ಬರೆಯೋದಾ, ಬಿಡೋದಾ?

2024ರ ನೀಟ್‌ನಲ್ಲಿ (ಮೆಡಿಕಲ್ ಸೀಟಿನ ಪ್ರವೇಶ ಪರೀಕ್ಷೆ) ನನಗೆ 720ಕ್ಕೆ 552 ಬಂದಿತ್ತು. ಆಮೇಲೆ ಒಂದು ವರ್ಷ ಲಾಂಗ್ ಟರ್ಮ್ (ಮತ್ತೆ ನೀಟ್ ಬರೆಯುವವರ ವರ್ಷಪೂರ್ತಿ ಕೋಚಿಂಗ್) ಸೇರಿ, ಬೇರೇನೂ ಮಾಡದೆ ಓದಿ, 2025ರಲ್ಲಿ ಬರೆದಾಗ ಬಂದಿದ್ದು 458. ಫಲಿತಾಂಶದ ದಿನ ಫೋನ್ ಮಾಡಿದವರೆಲ್ಲ ಮೊದಲು ಕೇಳಿದ್ದು 'ಏನಾಯ್ತು ಕೂಸೇ?' ಅಂತ. 94 ಅಂಕ ಇಳಿದಿದೆ ಅಂದರೆ ಹುಡುಗಿ ಓದಿಲ್ಲ, ಇಲ್ಲವಾದರೆ ಪರೀಕ್ಷೆ ದಿನ ಹುಷಾರಿರಲಿಲ್ಲ. ಅವರ ಲೆಕ್ಕ ಅಷ್ಟೇ. ರ‍್ಯಾಂಕ್ ನೋಡಿದರೆ ಕಥೆ ಬೇರೆ ಇತ್ತು. 1.4 ಲಕ್ಷದ ಆಚೆ ಇದ್ದವಳು 1.2 ಲಕ್ಷದ ಆಸುಪಾಸಿಗೆ ಬಂದಿದ್ದೆ.

ಇದು ಗೊತ್ತಿಲ್ಲದೆ ಎಷ್ಟೋ ಜನ ರಿಪೀಟ್ ಮಾಡುವ ನಿರ್ಧಾರ ಮಾಡುತ್ತಾರೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 2024ರಲ್ಲಿ ಮೊದಲು ಬಂದ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720. ಕೃಪಾಂಕದ ಗಲಾಟೆ, 1,563 ಮಂದಿಗೆ ಮರುಪರೀಕ್ಷೆಯ ಅವಕಾಶ, ಸುಪ್ರೀಂ ಕೋರ್ಟ್ ಎಲ್ಲ ಮುಗಿದ ಮೇಲೆ ಪೂರ್ತಿ ಅಂಕದವರು 17 ಮಂದಿ ಉಳಿದರು. 2025ರಲ್ಲಿ ಇಡೀ ದೇಶಕ್ಕೆ ಮೊದಲು ಬಂದವರ ಅಂಕವೇ 686. ಸಾಮಾನ್ಯ ವರ್ಗದ ಅರ್ಹತಾ ಅಂಕ 162ರಿಂದ 144ಕ್ಕೆ ಇಳಿಯಿತು. ಫಿಸಿಕ್ಸ್ ಪೇಪರ್ ಎಲ್ಲರನ್ನೂ ಅಲ್ಲಾಡಿಸಿತ್ತು. ಅಂಥ ವರ್ಷದಲ್ಲಿ 'ಹೋದ ಸಲ ಇಷ್ಟು ಅಂಕಕ್ಕೆ ಸೀಟು ಸಿಕ್ಕಿತ್ತು' ಅನ್ನುವ ಮಾತಿಗೆ ಬೆಲೆಯೇ ಇಲ್ಲ. 'ಈ ಸಲ 600 ದಾಟಿಸ್ತೀನಿ' ಅನ್ನುವ ಗುರಿಯೂ ಅಷ್ಟೇ. 600 ಅನ್ನುವುದು ಒಂದು ವರ್ಷ ಸಾಧಾರಣ, ಇನ್ನೊಂದು ವರ್ಷ ಮೇಲಿನ ಸಾಲು. ನೋಡಬೇಕಾದದ್ದು ರ‍್ಯಾಂಕ್.

ರ‍್ಯಾಂಕ್ ನೋಡಿದಾಗ ನನ್ನ ಸ್ಥಿತಿ ಹೀಗಿತ್ತು. ಸರ್ಕಾರಿ ಮೆಡಿಕಲ್ ಕಾಲೇಜು ದೂರದ ಮಾತು. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟೂ ಕೈಗೆ ಸಿಗುವ ಹಾಗಿರಲಿಲ್ಲ. ಮ್ಯಾನೇಜ್‌ಮೆಂಟ್ ಸೀಟಿನ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತಿದ್ದರೂ ತೋಟ ಮಾರಬೇಕಿತ್ತು. 'ಕ್ವಾಲಿಫೈಡ್' ಅಂತ ಸ್ಕೋರ್ ಕಾರ್ಡಿನಲ್ಲಿ ಬರೆದಿದ್ದನ್ನು ನೋಡಿ ಅಜ್ಜಿ ಪಕ್ಕದ ಮನೆಗೆಲ್ಲ ಸಕ್ಕರೆ ಕೊಟ್ಟು ಬಂದಿದ್ದರು. ಆ ವರ್ಷ ಹಾಗೆ ಕ್ವಾಲಿಫೈಡ್ ಆದವರು 12 ಲಕ್ಷಕ್ಕೂ ಹೆಚ್ಚು ಮಂದಿ ಅಂತ ಅಜ್ಜಿಗೆ ಹೇಳುವ ಮನಸ್ಸು ನನಗಾಗಲಿಲ್ಲ.

ಇನ್ನೊಂದು ಕಡೆ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ವೆಟರ್ನರಿ (ಪಶುವೈದ್ಯಕೀಯ) ರ‍್ಯಾಂಕ್ ಚೆನ್ನಾಗಿ ಬಂದಿತ್ತು. ಇದಕ್ಕೆ ಕಾರಣವಿದೆ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅದೇ ಫಿಸಿಕ್ಸ್ ಅಲ್ಲಿ ನನ್ನನ್ನು ಅಷ್ಟು ಹೆದರಿಸಲಿಲ್ಲ. ಅಂದರೆ ನನ್ನ ಕೈಯಲ್ಲಿ ಒಂದು ದಾರಿ ಇತ್ತು. ಪ್ರಶ್ನೆ ಇದ್ದಿದ್ದು ಅದನ್ನು ಹಿಡಿಯಬೇಕಾ, ಅಥವಾ ಇನ್ನೊಂದು ವರ್ಷ ನೀಟ್‌ಗೇ ಕೊಡಬೇಕಾ ಅಂತ.

ನೀಟ್‌ನಲ್ಲಿ ಒಂದು ತೊಂದರೆ ಇದೆ. ಅದು 'ಸಾಕು' ಅನ್ನುವುದಿಲ್ಲ. ಇಂಜಿನಿಯರಿಂಗ್‌ನವರ ಜೆಇಇ ಮೇನ್ ಆದರೆ ಮೂರು ವರ್ಷ, ಅಡ್ವಾನ್ಸ್‌ಡ್ ಆದರೆ ಸತತ ಎರಡು ವರ್ಷದಲ್ಲಿ ಎರಡು ಸಲ. ಅಲ್ಲಿಗೆ ಬಾಗಿಲು ಮುಚ್ಚುತ್ತದೆ. ಮೇನ್‌ನಲ್ಲಂತೂ ಜನವರಿ, ಏಪ್ರಿಲ್ ಎರಡೂ ಬರೆದು ಚೆನ್ನಾಗಿ ಬಂದಿದ್ದನ್ನು ಇಟ್ಟುಕೊಳ್ಳಬಹುದು. ಪಿಯುಸಿಯಲ್ಲೂ ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ, ಒಳ್ಳೆಯ ಅಂಕ ನಮ್ಮದು. ನೀಟ್ ವರ್ಷಕ್ಕೆ ಒಂದೇ ಸಲ. ಆದರೆ ಎಷ್ಟು ವರ್ಷ ಬೇಕಾದರೂ ಬರೆಯಬಹುದು. ಗರಿಷ್ಠ ವಯಸ್ಸಿನ ಮಿತಿಯನ್ನೂ 2022ರಲ್ಲಿ ತೆಗೆದರು. ಅವಕಾಶ ಜಾಸ್ತಿ ಅನ್ನುವುದು ಒಳ್ಳೆಯದೇ. ಆದರೆ ನಿಲ್ಲಿಸುವ ಕೆಲಸ ಪೂರ್ತಿ ನಮ್ಮ ತಲೆಗೇ ಬರುತ್ತದೆ. ನಮ್ಮ ಬ್ಯಾಚಿನಲ್ಲಿ ನನಗಿಂತ ತುಂಬಾ ಮೊದಲೇ ಪಿಯುಸಿ ಮುಗಿಸಿದ ಒಬ್ಬ ಅಕ್ಕ ಇದ್ದರು. ಅವರ ಜೊತೆ ಓದಿದವರು ಆಗಲೇ ಕೆಲಸದಲ್ಲಿದ್ದರು. ಅವರು ಅದನ್ನು ತಾವೇ ನಗುತ್ತಾ ಹೇಳುತ್ತಿದ್ದರು.

2024ರಲ್ಲಿ ಲಾಂಗ್ ಟರ್ಮ್ ಸೇರುವಾಗ ನಾವು ಹೆಚ್ಚು ಯೋಚಿಸಿರಲಿಲ್ಲ. ಯೋಚಿಸುವ ಸ್ಥಿತಿಯೂ ಇರಲಿಲ್ಲ. ಪರೀಕ್ಷೆಯೇ ರದ್ದಾಗುತ್ತದೋ ಏನೋ ಅಂತ ಜುಲೈ 23ರವರೆಗೂ ದೇಶವೇ ಕಾಯುತ್ತಿತ್ತು. ಅಂದು ಸುಪ್ರೀಂ ಕೋರ್ಟ್ ಎಲ್ಲರಿಗೂ ಮರುಪರೀಕ್ಷೆ ಇಲ್ಲ ಅಂದಿತು. ನಾನು ಅಷ್ಟರಲ್ಲಿ ಬ್ಯಾಗ್ ತುಂಬಿ ಹಾಸ್ಟೆಲ್ ಸೇರಿಯಾಗಿತ್ತು. ಈ ಸಲ ಹಾಗೆ ಬೇಡ ಅಂತ ಅಪ್ಪ ಮೊದಲೇ ಹೇಳಿದ್ದರು. 'ನೀನೇ ಲೆಕ್ಕ ಹಾಕು. ಲೆಕ್ಕ ಹಾಕಿ ಹೇಳು. ಹ್ಞೂಂ ಅಂದ್ರೂ ಸರಿ, ಬೇಡ ಅಂದ್ರೂ ಸರಿ.' ಅಪ್ಪ ಅಡಿಕೆ ವ್ಯಾಪಾರಿಯ ಚೀಟಿಯನ್ನೂ ಎರಡು ಸಲ ಕೂಡಿ ನೋಡುವವರು. ಲೆಕ್ಕ ಅಂದರೆ ಅವರಿಗೆ ನಿಜವಾಗಿಯೂ ಲೆಕ್ಕವೇ.

ಲೆಕ್ಕಕ್ಕೆ ಬೇಕಾದ್ದೆಲ್ಲ ಮನೆಯಲ್ಲೇ ಇತ್ತು. ನೀಟ್‌ನಲ್ಲಿ ಪ್ರಶ್ನೆಪತ್ರಿಕೆಯನ್ನು ಮನೆಗೆ ತರಲು ಬಿಡುತ್ತಾರೆ. ಉತ್ತರ ತುಂಬಿದ ಓಎಂಆರ್ ಹಾಳೆಯ ಸ್ಕ್ಯಾನ್ ಪ್ರತಿ ಆಮೇಲೆ ಸಿಗುತ್ತದೆ. ಕೀ ಉತ್ತರವೂ ಬರುತ್ತದೆ. ತಪ್ಪಿದೆ ಅನ್ನಿಸಿದರೆ ಒಂದು ಪ್ರಶ್ನೆಗೆ 200 ರೂಪಾಯಿ ಕಟ್ಟಿ ಆಕ್ಷೇಪ ಹಾಕಬಹುದು. ಹೆಚ್ಚಿನವರು ಇವನ್ನೆಲ್ಲ ಒಟ್ಟು ಅಂಕ ಕೂಡಿಸಲು ಬಳಸಿ ಬದಿಗಿಡುತ್ತಾರೆ. ನಾನು ಅವನ್ನು ಮತ್ತೆ ತೆಗೆದು ಜಗಲಿಯಲ್ಲಿ ಹರಡಿಕೊಂಡು ಕೂತೆ. ಜೊತೆಗೆ ಚಿಕ್ಕಪ್ಪನ ಮಗ ಇದ್ದ. ಅವನು ಆ ವರ್ಷವೇ ಪಿಯುಸಿ ಮುಗಿಸಿ ಮೊದಲ ಸಲ ಬರೆದಿದ್ದ. ಅವನಿಗೂ ಇದೇ ತಲೆಬಿಸಿ.

ನನ್ನ ಹಾಳೆ ಹೀಗಿತ್ತು. 180ರಲ್ಲಿ 123 ಸರಿ, 34 ತಪ್ಪು, 23 ಬಿಟ್ಟಿದ್ದು. ಬಯಾಲಜಿಯಲ್ಲಿ 288, ಕೆಮಿಸ್ಟ್ರಿಯಲ್ಲಿ 106, ಫಿಸಿಕ್ಸ್‌ನಲ್ಲಿ 64. ಫಿಸಿಕ್ಸ್‌ನ 45 ಪ್ರಶ್ನೆಗಳಲ್ಲಿ ಸರಿ ಆಗಿದ್ದು 19 ಮಾತ್ರ. ತಪ್ಪು 12, ಬಿಟ್ಟಿದ್ದು 14.

ಒಂದು ತಪ್ಪು ಅಂದರೆ ಐದು ಅಂಕ. ಬರಬೇಕಿದ್ದ ನಾಲ್ಕು ಹೋಯಿತು, ಇದ್ದಿದ್ದರಲ್ಲಿ ಒಂದು ಹೋಯಿತು. ಹಾಗಾಗಿ ತಪ್ಪಾದ 34ನ್ನು ಮೊದಲು ಹಿಡಿದೆ. ಒಂದೊಂದರ ಪಕ್ಕದಲ್ಲೂ ಯಾಕೆ ತಪ್ಪಾಯಿತು ಅಂತ ಪೆನ್ಸಿಲ್‌ನಲ್ಲಿ ಬರೆದೆ. ಇದು ಹೇಳುವಷ್ಟು ಸುಲಭ ಅಲ್ಲ. ಎಲ್ಲವನ್ನೂ 'ಅಯ್ಯೋ, ಗೊತ್ತಿತ್ತು' ಅನ್ನುವ ಗುಂಪಿಗೆ ಹಾಕಲು ಕೈ ಹೋಗುತ್ತದೆ. ಆದರೆ ಪ್ರಶ್ನೆಪತ್ರಿಕೆ ಸುಳ್ಳು ಹೇಳುವುದಿಲ್ಲ, ರಫ್ ವರ್ಕ್ ಅದರಲ್ಲೇ ಇರುತ್ತದಲ್ಲ. ಒಂದು ಪ್ರಶ್ನೆಯ ಪಕ್ಕ ಸೂತ್ರ ಬರೆದು, ಹೊಡೆದು, ಮತ್ತೆ ಅದೇ ಸೂತ್ರ ಬರೆದು, ಮತ್ತೆ ಹೊಡೆದಿದ್ದೆ. ಎರಡನೇ ಉತ್ತರಕ್ಕೆ ಚುಕ್ಕಿ ಇಟ್ಟು, ಮೂರನೆಯದಕ್ಕೆ ಸುತ್ತು ಹಾಕಿದ್ದೆ. ಓಎಂಆರ್‌ನಲ್ಲಿ ತುಂಬಿದ್ದು ಎರಡನೆಯದೂ ಅಲ್ಲ, ಮೂರನೆಯದೂ ಅಲ್ಲ, ನಾಲ್ಕನೆಯದು. ಇದನ್ನು 'ಗೊತ್ತಿತ್ತು' ಅನ್ನಲಾಗುತ್ತಾ? ತಮ್ಮ ಬಗ್ಗಿ ನೋಡಿ, 'ಅಕ್ಕಾ, ಇದಕ್ಕೆ ಬೇರೆ ಕಾಲಂ ಮಾಡು' ಅಂದ.

ಕೊನೆಗೆ ಬಂದ ಲೆಕ್ಕ ಇದು. ಪ್ರಶ್ನೆ ಸರಿಯಾಗಿ ಓದದೆ ಹೋಗಿದ್ದು 6. 'ತಪ್ಪಾದ ಹೇಳಿಕೆ ಯಾವುದು' ಅಂತ ಕೇಳಿದ್ದರೆ ಸರಿಯಾದದ್ದನ್ನು ಗುರುತಿಸಿ ಬಂದಂಥವು. ಎರಡು ಉತ್ತರಗಳ ನಡುವೆ ಸಿಕ್ಕಿಕೊಂಡು ಒಂದನ್ನು ಹೊಡೆದಿದ್ದು 15. ಏನೂ ಗೊತ್ತಿಲ್ಲದೆ ಹೊಡೆದಿದ್ದು 13. ಮೊದಲ ಗುಂಪು ಪೂರ್ತಿ ಸರಿಹೋದರೆ 30 ಅಂಕ. ಅದು ಅಭ್ಯಾಸದಿಂದ ಆಗುವ ಕೆಲಸ. ಎರಡನೇ ಗುಂಪಿನಲ್ಲಿ ಅರ್ಧ ಸರಿಹೋಗಬಹುದು.

ಇಲ್ಲೊಂದು ಮಾತು. 'ಗೊತ್ತಿಲ್ಲದ್ದನ್ನು ಮುಟ್ಟಲೇಬೇಡಿ' ಅಂತ ಎಲ್ಲ ಕಡೆ ಹೇಳುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಎರಡು ಉತ್ತರ ತೆಗೆದುಹಾಕಿ ಉಳಿದೆರಡರಲ್ಲಿ ಒಂದು ಹೊಡೆದರೆ ಸರಾಸರಿ ಒಂದೂವರೆ ಅಂಕ ಲಾಭ. ಕಣ್ಣು ಮುಚ್ಚಿ ನಾಲ್ಕರಲ್ಲಿ ಒಂದು ಹೊಡೆದರೂ ಸರಾಸರಿ ಕಾಲು ಅಂಕ ಲಾಭವೇ. ಆದರೆ ಇದು ಸರಾಸರಿ ಮಾತ್ರ. ಹಾಗೆ 30 ಪ್ರಶ್ನೆ ಹೊಡೆದರೆ ಏಳೆಂಟು ಅಂಕ ಬರಬಹುದು ಅಂತ ಲೆಕ್ಕ ಹೇಳುತ್ತದೆ. ಅದೃಷ್ಟ ಕೈ ಕೊಟ್ಟರೆ ಅದು ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಹೀಗೆ ಬಂದ ಏರಿಳಿತವನ್ನು ನೋಡಿ 'ಮುಂದಿನ ಸಲ ಜಾಸ್ತಿ ಬರುತ್ತೆ' ಅಂತ ಒಂದು ವರ್ಷ ಇಡುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ.

ನನ್ನ ನಿರ್ಧಾರವನ್ನು ನಿಜವಾಗಿ ಮಾಡಿದ್ದು ಬಿಟ್ಟ ಪ್ರಶ್ನೆಗಳು. ಪರೀಕ್ಷೆ ಮುಗಿದು ಬಂದಾಗಿನಿಂದ ನಾನು ಎಲ್ಲರಿಗೂ ಹೇಳುತ್ತಿದ್ದದ್ದು 'ಟೈಮ್ ಸಾಕಾಗಲಿಲ್ಲ' ಅಂತ. ಸುಳ್ಳಲ್ಲ. 2021ರಿಂದ 2024ರವರೆಗೆ 200 ಪ್ರಶ್ನೆ ಕೊಟ್ಟು 180 ಬರೆಯಿರಿ ಅನ್ನುತ್ತಿದ್ದರು, 2022ರಿಂದ ಅದಕ್ಕೆ 200 ನಿಮಿಷ ಇತ್ತು. 2025ಕ್ಕೆ ಆ ಆಯ್ಕೆ ತೆಗೆದರು. 180 ಪ್ರಶ್ನೆ, 180 ನಿಮಿಷ, ಎಲ್ಲವೂ ಕಡ್ಡಾಯ. ಜನವರಿಯಲ್ಲಿ ಈ ಸುದ್ದಿ ಬಂದಾಗ ನಮ್ಮ ಹಾಸ್ಟೆಲ್‌ನಲ್ಲಿ ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಹಾಗಾದರೆ ಟೈಮ್ ಕೊಟ್ಟರೆ ಮಾಡುತ್ತಿದ್ದೆನಾ? ಅದನ್ನೇ ನೋಡೋಣ ಅಂತ ಗಡಿಯಾರ ಒಳಗಿಟ್ಟು, ಬಿಟ್ಟ 14 ಫಿಸಿಕ್ಸ್ ಪ್ರಶ್ನೆಗಳನ್ನು ಬಿಡಿಸಲು ಕೂತೆ. ಪುಸ್ತಕ ಮುಟ್ಟುವ ಹಾಗಿಲ್ಲ, ಟೈಮ್ ಮಾತ್ರ ಎಷ್ಟು ಬೇಕಾದರೂ. ಬಿಡಿಸಲು ಆಗಿದ್ದು ನಾಲ್ಕು.

ಹತ್ತು ಪ್ರಶ್ನೆ ಹಾಗೇ ಉಳಿಯಿತು. ಅವು ಯಾವ ಪಾಠದವು ಅಂತ ಬರೆದೆ. ಆವರ್ತ ಚಲನೆ, ವಿದ್ಯುತ್ಕಾಂತೀಯ ಪ್ರೇರಣೆ, ಎಸಿ ಸರ್ಕ್ಯೂಟ್, ಕಿರಣ ದೃಗ್ವಿಜ್ಞಾನ. ಆಮೇಲೆ ಅಟ್ಟದ ಮೇಲಿಂದ 2024ರ ಪ್ರಶ್ನೆಪತ್ರಿಕೆ ಇಳಿಸಿದೆ. ಅಲ್ಲಿ ಬಿಟ್ಟಿದ್ದೂ ಹೆಚ್ಚುಕಮ್ಮಿ ಇವೇ ಪಾಠಗಳದ್ದು. ನಡುವೆ ಒಂದು ಪೂರ್ತಿ ವರ್ಷ ದಿನಾ ಬೆಳಿಗ್ಗೆ ಫಿಸಿಕ್ಸ್ ಕ್ಲಾಸ್‌ನಲ್ಲಿ ಕೂತಿದ್ದೆ. ಮಾಡ್ಯೂಲ್ ಮುಗಿಸಿದ್ದೆ. ಭಾನುವಾರದ ಟೆಸ್ಟ್ ತಪ್ಪಿಸಿರಲಿಲ್ಲ. ಆ ವರ್ಷ ನನಗೆ ಕೊಟ್ಟಿದ್ದು ಬಯಾಲಜಿಯಲ್ಲಿ ಹಿಡಿತ, ಕೆಮಿಸ್ಟ್ರಿಯಲ್ಲಿ ಸ್ವಲ್ಪ ಧೈರ್ಯ. ಫಿಸಿಕ್ಸ್ ಇದ್ದಲ್ಲೇ ಇತ್ತು. ಇನ್ನೊಂದು ವರ್ಷ ಅದೇ ಕ್ಲಾಸ್, ಅದೇ ಮಾಡ್ಯೂಲ್, ಅದೇ ಬೆಂಚಿನಲ್ಲಿ ಕೂತರೆ ಬೇರೆ ಏನೋ ಆಗುತ್ತದೆ ಅಂತ ನಂಬಲು ನನ್ನ ಹತ್ತಿರ ಒಂದು ಕಾರಣವೂ ಇರಲಿಲ್ಲ.

ತಮ್ಮನ ಹಾಳೆ ನೋಡಿದಾಗ ಇದು ಇನ್ನೂ ಸ್ಪಷ್ಟವಾಯಿತು. ಅವನ ಅಂಕ ನನಗಿಂತ ಕಡಿಮೆ. ಆದರೆ ಅವನು ತಪ್ಪು ಮಾಡಿದ್ದು ಕಡಿಮೆ, ಬಿಟ್ಟಿದ್ದು ಜಾಸ್ತಿ. ಬಯಾಲಜಿಯ ಕೊನೆಯ ಎರಡು ಪುಟಗಳಲ್ಲಿ ಒಂದು ಗುರುತೂ ಇಲ್ಲ, ಅಲ್ಲಿಗೆ ತಲುಪಿಯೇ ಇರಲಿಲ್ಲ ಪುಣ್ಯಾತ್ಮ. ಗಡಿಯಾರ ಇಲ್ಲದೆ ಕೂರಿಸಿದರೆ ಬಿಟ್ಟಿದ್ದರಲ್ಲಿ ಮುಕ್ಕಾಲು ಪಾಲು ಬಿಡಿಸಿಬಿಟ್ಟ. ಅದೂ ಕಡಲೆಕಾಯಿ ತಿನ್ನುತ್ತಾ. ಪಿಯುಸಿ ಬೋರ್ಡ್ ಪರೀಕ್ಷೆ, ಸಿಇಟಿ, ನೀಟ್ ಮೂರನ್ನೂ ಒಟ್ಟಿಗೆ ಓದಿದವನು. ಟೈಮ್ ಇಟ್ಟುಕೊಂಡು ಪೂರ್ತಿ ಪೇಪರ್ ಬರೆದು ಅಭ್ಯಾಸ ಮಾಡಿದ್ದೇ ಇಲ್ಲ. ಲಾಂಗ್ ಟರ್ಮ್ ಚೆನ್ನಾಗಿ ಮಾಡಿಸುವುದು ಅದನ್ನೇ. 'ನೀನು ಹೋಗು' ಅಂದೆ. 'ನೀನು?' ಅಂದ. 'ನನಗೆ ಅಲ್ಲಿ ಕಲಿಯೋಕೆ ಉಳಿದಿರೋದು ಫಿಸಿಕ್ಸ್ ಒಂದೇ. ಅದನ್ನ ಅವರು ಒಂದ್ಸಲ ಕಲಿಸಿ ನೋಡಿ ಆಗಿದೆ' ಅಂದೆ.

ಅಷ್ಟರಲ್ಲಿ ಕೋಚಿಂಗ್ ಸೆಂಟರ್‌ಗಳಿಂದ ಫೋನ್ ಶುರುವಾಗಿತ್ತು. ಹೆಸರು ಬೇಡ, ಎಲ್ಲರದ್ದೂ ಒಂದೇ ಧಾಟಿ. ನೀಟ್ ಅಂಕ ನೋಡಿ ಸ್ಕಾಲರ್‌ಶಿಪ್ ಅಂತ ಫೀಸು ಕಡಿಮೆ ಮಾಡುತ್ತೇವೆ, ಆದರೆ ಈ ವಾರದೊಳಗೆ ಸೇರಬೇಕು. ಹೋದ ಸಲ ಫೀಸು, ಹಾಸ್ಟೆಲ್ ಸೇರಿ ಒಂದೂವರೆ ಲಕ್ಷದ ಮೇಲೆ ಹೋಗಿತ್ತು. ಒಬ್ಬರಿಗೆ ನಾನು ಕೇಳಿದೆ: 'ಸರ್, ನಿಮ್ಮಲ್ಲಿ ಒಂದು ವರ್ಷ ಓದಿ, ಮತ್ತೆ ನಿಮ್ಮಲ್ಲೇ ಓದಿದವರ ರ‍್ಯಾಂಕ್ ಎಷ್ಟು ಸುಧಾರಿಸಿದೆ?' ಅವರು ಬಸ್ ಸ್ಟ್ಯಾಂಡ್ ಎದುರಿನ ಫ್ಲೆಕ್ಸ್‌ನಲ್ಲಿರುವ ಹುಡುಗರ ಹೆಸರು ಹೇಳಿದರು. ಅವರಲ್ಲಿ ರಿಪೀಟರ್ ಎಷ್ಟು ಜನ ಅಂದಾಗ 'ಮೇಡಂ, ಒಮ್ಮೆ ಅಪ್ಪಾಜಿ ಹತ್ರ ಮಾತಾಡಿಸಿ' ಅಂದರು. ಅಪ್ಪ ಫೋನ್ ತೆಗೆದುಕೊಂಡು ಅದೇ ಪ್ರಶ್ನೆ ಕೇಳಿದರು.

ಲೆಕ್ಕ ಮುಗಿದರೂ ಮನಸ್ಸು ಒಪ್ಪಿರಲಿಲ್ಲ. ಇದನ್ನೂ ಹೇಳಬೇಕು. ರಾತ್ರಿ ಮಲಗಿದರೆ 'ಇನ್ನೊಂದೇ ಸಲ' ಅನ್ನಿಸುತ್ತಿತ್ತು. ಬಿಳಿ ಕೋಟಿನ ಆಸೆ ಹೈಸ್ಕೂಲಿನಿಂದ ಇದ್ದದ್ದು. ಒಂದು ಸಂಜೆ ಅಮ್ಮ ಅಕ್ಕಿ ಆರಿಸುತ್ತಾ, ತಲೆ ಎತ್ತದೆ ಕೇಳಿದರು: 'ನಿಂಗೆ ಮತ್ತೆ ಓದ್ಬೇಕು ಅಂತ ಇದ್ಯೋ, ಸೋತಳು ಅಂತ ಯಾರೂ ಅನ್ನಬಾರ್ದು ಅಂತ ಇದ್ಯೋ?' ನನಗೆ ಸಿಟ್ಟು ಬಂತು. ಎದ್ದು ಹೋದೆ. ಎರಡನೆಯದೇ ಜಾಸ್ತಿ ಇತ್ತು ಅಂತ ಸಿಟ್ಟು ಬಂದಾಗಲೇ ಗೊತ್ತಾಯಿತು. ಮೇ ತಿಂಗಳಲ್ಲಿ ಮತ್ತೆ ಆ ಪರೀಕ್ಷೆ ಕೋಣೆಯಲ್ಲಿ ಕೂರುವುದನ್ನು ನೆನೆಸಿಕೊಂಡರೆ ಹೊಟ್ಟೆ ತೊಳಸುತ್ತಿತ್ತು. ಡಾಕ್ಟರ್ ಆಗಿ ಕೆಲಸ ಮಾಡುವುದು ನೆನೆಸಿಕೊಂಡರೆ ಮಾತ್ರ ಖುಷಿ. ಖುಷಿಯ ಆ ಚಿತ್ರದಲ್ಲಿ ಮನುಷ್ಯರೇ ಇರಬೇಕಾ ಅಂತ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಗೌರಿ ಕರು ಹಾಕಲು ಒದ್ದಾಡಿದ ರಾತ್ರಿ ಮಳೆಯಲ್ಲಿ ಬೈಕಿನಲ್ಲಿ ಬಂದು, ತೋಳಿನವರೆಗೆ ಕೈ ಹಾಕಿ ಕರುವಿನ ಕಾಲು ತಿರುಗಿಸಿ ಎಳೆದ ಡಾಕ್ಟರನ್ನು ನಾನು ಟಾರ್ಚ್ ಹಿಡಿದು ನೋಡಿದವಳು. ಆ ಕೆಲಸ ಕಡಿಮೆಯದು ಅಂತ ನನಗೆ ಆಗಲೂ ಅನ್ನಿಸಿರಲಿಲ್ಲ.

ನೆಂಟರಿಗೆ ಅನ್ನಿಸಿತು. 'ದನದ ಡಾಕ್ಟ್ರಾ?' ಅಂತ ಅತ್ತೆ ರಾಗ ಎಳೆದರು. ಅದನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ.

ಆಗಸ್ಟ್ ಹೊತ್ತಿಗೆ ವೆಟರ್ನರಿ ಸೀಟು ಹಂಚಿಕೆ ಬಂತು. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಆಪ್ಷನ್ ಎಂಟ್ರಿಯಲ್ಲಿ ಶಿವಮೊಗ್ಗ, ಹಾಸನ, ಹೆಬ್ಬಾಳ ಎಲ್ಲ ಮೇಲೆ ಹಾಕಿದ್ದೆ. ಸಿಕ್ಕಿದ್ದು ಬೀದರ್. ಮಲೆನಾಡಿನಿಂದ ರಾಜ್ಯದ ಆ ತುದಿಗೆ. ಆಗ ಪರದೆಯ ಮೇಲೆ ನಾಲ್ಕು ಚಾಯ್ಸ್ ಬರುತ್ತದೆ. ಒಂದನೆಯದು, ಈ ಸೀಟು ಸಾಕು, ಸೇರುತ್ತೇನೆ. ಎರಡನೆಯದು, ಇದು ಇರಲಿ, ಆದರೆ ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲೆ ಹಾಕಿದ್ದು ಸಿಕ್ಕರೆ ಅದು ಕೊಡಿ. ಮೂರನೆಯದು, ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕನೆಯದು, ನಾನು ಹೊರಗೆ. ಇನ್ನೊಂದು ಸಲ ನೀಟ್ ಅಂದರೆ ನನಗೆ ನಾಲ್ಕನೇ ಚಾಯ್ಸ್. ಅಲ್ಲಿಯವರೆಗೆ ಎಲ್ಲವೂ ಜಗಲಿ ಮಾತು. ಇಲ್ಲಿ ಕೊನೆಯ ದಿನಾಂಕ ಇರುತ್ತದೆ, ಒತ್ತಲೇಬೇಕು. ಸೈಬರ್ ಸೆಂಟರ್‌ನ ಹುಡುಗ 'ಅಕ್ಕ, ನಾಲ್ಕು ಒತ್ತಿದ್ರೆ ವಾಪಸ್ ಬರಲ್ಲ ನೋಡಿ' ಅಂತ ಕೇಳದೆಯೇ ಎಚ್ಚರಿಸಿದ. ಎರಡು ಒತ್ತಿದೆ. ಮುಂದಿನ ಸುತ್ತಿನಲ್ಲೂ ಬೀದರ್ ಬೀದರ್ ಆಗಿಯೇ ಉಳಿಯಿತು.

ಕೆಲವರು ಕೇಳುತ್ತಾರೆ, ಸೀಟು ಹಿಡಿದು, ಕಾಲೇಜಿಗೂ ಹೋಗುತ್ತಾ, ಪಕ್ಕದಲ್ಲಿ ನೀಟ್ ಓದಬಹುದಲ್ಲ ಅಂತ. ನಾನೂ ಆ ಯೋಚನೆ ಮಾಡಿದ್ದೆ. ಕೆಲವು ಕೋರ್ಸ್‌ಗಳಲ್ಲಿ ಅದು ನಡೆಯಬಹುದು. ವೆಟರ್ನರಿ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ಮೊದಲ ವರ್ಷವೇ ಅನಾಟಮಿ. ಬೆಳಿಗ್ಗೆ ದನದ ಭುಜದ ಮೂಳೆ ಹಿಡಿದು ಅದರ ಏಣು, ಕುಳಿ, ರಂಧ್ರಗಳ ಹೆಸರು ಹೇಳಬೇಕು. ಎಡಗಡೆಯದೋ ಬಲಗಡೆಯದೋ ಅಂತ ಮೇಡಂ ಕೇಳಿದರೆ ತಡವರಿಸುವ ಹಾಗಿಲ್ಲ. ಸಂಜೆ ಬಂದು ಎಸಿ ಸರ್ಕ್ಯೂಟ್ ಓದುತ್ತೇನೆ ಅನ್ನುವವರು ನಮ್ಮ ಹಾಸ್ಟೆಲ್‌ನಲ್ಲೂ ಇದ್ದಾರೆ. ಅವರ ಎರಡೂ ಪುಸ್ತಕ ಹಾಸಿಗೆಯ ಮೇಲೆ ತೆರೆದೇ ಇರುತ್ತವೆ, ಅವರು ನಡುವೆ ನಿದ್ದೆ ಹೋಗಿರುತ್ತಾರೆ.

ಬೇಸರ ಪೂರ್ತಿ ಹೋಗಿದೆ ಅಂತ ಹೇಳುವುದಿಲ್ಲ. ಜೊತೆಗೆ ಲಾಂಗ್ ಟರ್ಮ್ ಮಾಡಿದ ಗೆಳತಿ ಮೆಡಿಕಲ್ ಕಾಲೇಜಿನಿಂದ ಫೋಟೋ ಹಾಕಿದಾಗ ಫೋನ್ ಪಕ್ಕಕ್ಕಿಡುತ್ತೇನೆ. ಊರಿಗೆ ಹೋಗಬೇಕಾದರೆ ರಾತ್ರಿ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ಮತ್ತೆ ಶಿವಮೊಗ್ಗ. ಇಲ್ಲಿನ ಕನ್ನಡ ಮೊದಮೊದಲು ಅರ್ಧ ಅರ್ಥವಾಗುತ್ತಿತ್ತು, ಈಗ ನಾನೇ ಮನೆಗೆ ಫೋನ್ ಮಾಡಿದಾಗ 'ಹೌದ್ರಿ' ಅಂದುಬಿಡುತ್ತೇನೆ. ಅಮ್ಮ ನಗುತ್ತಾರೆ.

ತಮ್ಮ ಲಾಂಗ್ ಟರ್ಮ್ ಸೇರಿದ. ಪ್ರತಿ ಭಾನುವಾರ ಟೆಸ್ಟ್ ಮುಗಿದ ಮೇಲೆ ಎಷ್ಟು ಬಂತು ಅನ್ನುವುದಕ್ಕಿಂತ ಮೊದಲು ಎಷ್ಟು ಬಿಟ್ಟೆ ಅಂತ ಹೇಳುತ್ತಾನೆ. ಅದು ಕಡಿಮೆಯಾಗುತ್ತಾ ಬಂದಿದೆ. ಬಯಾಲಜಿಯಲ್ಲಿ ಏನಾದರೂ ಸಿಕ್ಕಿಕೊಂಡರೆ ನನಗೆ ಪುಟದ ಫೋಟೋ ಕಳಿಸುತ್ತಾನೆ, ರಾತ್ರಿ ಊಟ ಆದ ಮೇಲೆ ಹೇಳಿಕೊಡುತ್ತೇನೆ. ಫಿಸಿಕ್ಸ್ ಡೌಟ್ ಮಾತ್ರ ನನ್ನ ಹತ್ತಿರ ತರಬೇಡ ಮಾರಾಯ ಅಂದಿದ್ದೇನೆ.